ಚೌಡಮ್ಮ ಕೊಟ್ಟ ಪಾಲು

ನಿಟ್ಟೂರು
14 ಫೆಬ್ರವರಿ 2022

ಶ್ರೀಮತಿ ಹೇಮಾವತಿಯವರಿಗೆ,

ತಿಳಿಸುವುದೇನೆಂದರೆ, ನಮ್ಮ ತಾಯಿ ಹೂವಮ್ಮನವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನಿಮಗೆ ಸುದ್ದಿ ಮುಟ್ಟಿರಬಹುದು. ನಮ್ಮ ಮನೆದೇವರು ಚೌಡಮ್ಮನ ಗುಡಿ ಇರುವ ಜಾಗ ಅವರ ಹೆಸರಿನಲ್ಲೇ ಇದೆ. ಗೇಣಿಯ ಭೂಮಿ ನಮ್ಮದಾಗುವ ಹೊತ್ತಿಗೆ ತಂದೆಯವರು ಇರಲಿಲ್ಲವಾದ್ದರಿಂದ ಖಾತೆ ತಾಯಿಯವರಿಗೆ ಆಗಿತ್ತು. ಈಗ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಬೇಕೆಂದು ಸಮಿತಿ ತೀರ್ಮಾನ ಮಾಡಿದೆ. ಸಮಿತಿಗೆ ನಾನೇ ಅಧ್ಯಕ್ಷ. ಜಾಗ ನನ್ನ ಹೆಸರಿಗೆ ಬರಬೇಕಾದರೆ ಮಗಳ ಸಹಿಯೂ ಬೇಕೇ ಬೇಕು ಎಂದು ಹೊಸನಗರದ ವಕೀಲರು ಹೇಳುತ್ತಾರೆ.

ಹಕ್ಕು ಬಿಟ್ಟುಕೊಡುವ ಪತ್ರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕಿ ಕಳಿಸುವುದು. ನೋಂದಣಿಗೆ ಒಂದು ದಿನ ಹೊಸನಗರಕ್ಕೆ ಬರಬೇಕಾಗುತ್ತದೆ. ನಿಮ್ಮ ಫೋನ್ ನಂಬರ್ ನನ್ನ ಹತ್ತಿರ ಇಲ್ಲದ್ದರಿಂದ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ದೇವರ ಕೆಲಸ, ತಡ ಮಾಡಬಾರದು.

ಧರ್ಮಪ್ಪ


ಸಾಗರ
3 ಮಾರ್ಚ್ 2022

ಅಣ್ಣಾ,

ಸತ್ತವರು ಸಹಿ ಹಾಕುವುದಿಲ್ಲ.

ನನ್ನನ್ನು ಸಾಯಿಸಿದ್ದು ನಿನಗೆ ಮರೆತುಹೋಗಿರಬಹುದು. ನಾನು ನೆನಪಿಸುತ್ತೇನೆ. ಜೋಗದ ಕರೆಂಟ್ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಇನಾಸ ನಮ್ಮ ಮನೆಯ ಪಂಪ್‌ಸೆಟ್ ರಿಪೇರಿಗೆ ಬಂದವನು. ಅವನನ್ನು ನಾನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ. ಕ್ರೈಸ್ತನಾದ ಅವನು ಇಗರ್ಜಿ ಬಿಡಲಿಲ್ಲ, ನಾನು ಕುಂಕುಮ ಬಿಡಲಿಲ್ಲ. ಇಬ್ಬರೂ ಅವರವರ ದೇವರನ್ನು ಇಟ್ಟುಕೊಂಡೇ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದೇವೆ. ಇಷ್ಟಕ್ಕೆ ನೀನು ಹುಲ್ಲಿನ ಗೊಂಬೆ ಮಾಡಿ, ನನ್ನ ಹಳೆಯ ಸೀರೆ ಸುತ್ತಿ, ಹೊಳೆಯ ದಂಡೆಯಲ್ಲಿ ಸುಟ್ಟೆ. ತಲೆ ಬೋಳಿಸಿಕೊಂಡೆ. ನನ್ನ ಫೋಟೋ ಹಾಕಿ ಉತ್ತರಕ್ರಿಯೆಯ ಕಾರ್ಡು ಹೊಡೆಸಿದೆ. ಊರಿಗೆಲ್ಲ ಊಟ ಹಾಕಿದೆ.

ಅಪ್ಪನ ಜೊತೆಗಾರ ಬೆಳ್ಳಪ್ಪಜ್ಜ ಆ ಊಟ ಮುಗಿಸಿಕೊಂಡು ಸೀದಾ ಬಸ್ಸು ಹತ್ತಿ ಸಾಗರಕ್ಕೆ ಬಂದಿದ್ದ. ಬಾಗಿಲಲ್ಲಿ ನಿಂತು, “ನಿನ್ ತಿಥಿ ಊಟ ಉಂಡ್ಕಂಡೇ ಬಂದೆ ಕಣೇ ಹುಡ್ಗಿ. ಪಾಯ್ಸ ಚಲೋ ಇತ್ತು. ನೀ ಹೆಂಗಿದ್ದೀ ಅಂತ ನೋಡ್ಕಂಡ್ ಹೋಪ ಅನ್ಸ್ತು” ಎಂದ. ನಾನು ಅವನಿಗೆ ಚಹಾ ಮಾಡಿಕೊಟ್ಟೆ. ಅವನು ಹೋದ ಮೇಲೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ.

ಇರಲಿ, ಅದು ನನ್ನ ಸಾವು. ಅಮ್ಮನ ಸಾವನ್ನೂ ನೀನು ಹೇಳಲಿಲ್ಲ. ಇನಾಸ ಈಗ ಇಟ್ಟಿರುವ ಮೋಟಾರ್ ರಿಪೇರಿ ಅಂಗಡಿಗೆ ಬಂದ ಯಾವುದೋ ಗಿರಾಕಿ ಬಾಯಿಂದ ನನಗೆ ಗೊತ್ತಾಯಿತು. ಅಷ್ಟರಲ್ಲಿ ಅಮ್ಮನ ಬೂದಿಯೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ನನ್ನನ್ನು ಕರೆದಳೇ? ಅದನ್ನಾದರೂ ಬರೆಯಬಹುದಿತ್ತು. ನೀನು ಬರೆದದ್ದು ಪೆನ್ಸಿಲ್ ಗುರುತಿನ ವಿಷಯ.

ಒಡಹುಟ್ಟಿದವಳನ್ನು ‘ನೀವು’ ಎಂದಿದ್ದೀಯ. ಒಳ್ಳೆಯದು. ನಾನೂ ನಿನ್ನ ಜೊತೆ ಹೊರಗಿನವಳ ಹಾಗೆಯೇ ವ್ಯವಹರಿಸುತ್ತೇನೆ. ಕೋರ್ಟಿಗೆ ಹೋಗು.

ನೀನು ಸುಟ್ಟ
ಹೇಮಾವತಿ


ನಿಟ್ಟೂರು
20 ಏಪ್ರಿಲ್ 2022

ಹೇಮಾವತಿಯವರಿಗೆ,

ನಿಮ್ಮ ಕಾಗದವನ್ನು ಸಮಿತಿಯ ಮುಂದೆ ಓದಲಾಯಿತು. ನಿಮ್ಮ ಭಾಷೆ ಕೇಳಿ ಹಿರಿಯರಿಗೆ ಬೇಸರವಾಗಿದೆ.

ಕುಲ ಬಿಟ್ಟು ಹೋದವರನ್ನು ಸತ್ತಂತೆ ಎಣಿಸುವುದು ನಮ್ಮ ಪೂರ್ವಿಕರ ಪದ್ಧತಿ. ನಾನು ಹೊಸದಾಗಿ ಮಾಡಿದ್ದಲ್ಲ. ಮದುವೆಯಾಗಿ ಹೋದ ಹೆಣ್ಣಿಗೇ ತವರಿನ ದೇವರಲ್ಲಿ ಪಾಲಿಲ್ಲ, ಹಾಗಿರುವಾಗ ನಿಮಗೆ ಎಲ್ಲಿಂದ ಬಂತು? ನಮ್ಮ ದೇವರನ್ನು ನಮ್ಮ ರೀತಿಯಲ್ಲಿ ನಡೆಸಿಕೊಳ್ಳುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ ಎಂದು ವಕೀಲರು ಪುಸ್ತಕ ತೆಗೆದು ತೋರಿಸಿದ್ದಾರೆ. ಹೊಸನಗರ ಕೋರ್ಟಿನಲ್ಲಿ ದಾವೆ ಹೂಡುತ್ತಿದ್ದೇವೆ. ಹೆಣ್ಣು ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತುವುದು ಶೋಭೆಯಲ್ಲ. ಇನ್ನೂ ಕಾಲ ಮಿಂಚಿಲ್ಲ, ಯೋಚಿಸಿ.

ಧರ್ಮಪ್ಪ
ಅಧ್ಯಕ್ಷರು, ಶ್ರೀ ಚೌಡಮ್ಮ ದೇವಸ್ಥಾನ ಸಮಿತಿ


ಸಾಗರ
9 ಡಿಸೆಂಬರ್ 2024

ಅಣ್ಣಾ,

ಎಲ್ಲ ಮುಗಿಯಿತು. ಮುಗಿದ ಬಗೆಯನ್ನು ಒಮ್ಮೆ ಬರೆದಿಡುತ್ತೇನೆ. ನಿನಗೆ ಮರೆವು ಜಾಸ್ತಿ.

ಕೋರ್ಟಿನಲ್ಲಿ ನಿನ್ನ ವಕೀಲರು ಎದ್ದು, ಯಾರನ್ನು ಕುಲದಿಂದ ಹೊರಗಿಡಬೇಕು ಎನ್ನುವುದು ಧರ್ಮದ ವಿಷಯ, ಕೋರ್ಟು ಕೈ ಹಾಕುವಂತಿಲ್ಲ ಎಂದು ದೊಡ್ಡ ಭಾಷಣ ಬಿಗಿದರು. ನ್ಯಾಯಾಧೀಶರಾಗಿದ್ದ ಆ ಚಿಕ್ಕ ವಯಸ್ಸಿನ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, ಕಟಕಟೆಯಲ್ಲಿದ್ದ ನಿನ್ನನ್ನೇ ಕೇಳಿದರು.

“ಅಲ್ಲಿ ನಿಂತಿದ್ದಾರಲ್ಲ, ಅವರು ನಿಮಗೆ ಏನಾಗಬೇಕು?”

“ತಂಗಿ ಆಗಿದ್ಲು ಮೇಡಂ. ತೀರ್ಕಂಡ್ಲು.”

“ಯಾವಾಗ?”

“ಎರಡ್ ಸಾವಿರದ ಒಂದ್ರಲ್ಲಿ.”

“ಹಾಗಾದರೆ ಇವರು ಯಾರು?”

ನೀನು ಕಟಕಟೆಯ ಹಲಗೆ ಹಿಡಿದುಕೊಂಡು, ನನ್ನ ಕಡೆ ನೋಡದೆ, “ನಮ್ ಪದ್ಧತಿ ಪ್ರಕಾರ ಇವ್ರು ಇಲ್ಲ” ಎಂದೆ. ಕೋರ್ಟಿಗೆ ಕೋರ್ಟೇ ನಕ್ಕಿತು. ನನಗೆ ನಗು ಬರಲಿಲ್ಲ. ನೀನು ಅದನ್ನು ನಂಬಿಕೊಂಡೇ ಹೇಳುತ್ತಿದ್ದೆ, ಅದು ನನಗೆ ಗೊತ್ತಾಯಿತು.

ಅವರು ತೀರ್ಪಿನಲ್ಲಿ ಬರೆದದ್ದು ಇಷ್ಟು. ಪೂಜೆ ಹೇಗೆ, ಯಾರಿಂದ ಎನ್ನುವುದು ನಿಮ್ಮ ಧರ್ಮದ ವಿಚಾರ, ಅದನ್ನು ನಾವು ಹೇಳುವುದಿಲ್ಲ. ಆದರೆ ತಾಯಿಯ ಆಸ್ತಿ ಮಗಳಿಗೆ ಬರುವುದು ಕಾನೂನಿನ ವಿಚಾರ, ಬದುಕಿರುವವರ ಹಕ್ಕನ್ನು ಯಾವ ಕರ್ಮಾಂತರದಿಂದಲೂ ಕಳೆಯಲು ಬರುವುದಿಲ್ಲ. ಇಬ್ಬರಿಗೂ ಸಮಪಾಲು.

ಅಷ್ಟಕ್ಕೇ ಮುಗಿದಿದ್ದರೆ ನೀನು ಗೆಲ್ಲುತ್ತಿದ್ದೆ ಅಣ್ಣ. ಜಾಗ ಅಳೆಯಲು ಬಂದ ಕೋರ್ಟ್ ಕಮಿಷನರರು, ಗುಡಿ ಇರುವ ತುಂಡು ಅಣ್ಣನಿಗೇ ಇರಲಿ, ರಸ್ತೆಯ ಬದಿ ತಂಗಿಗಾಗಲಿ ಎಂದು ಬಾಯಿಬಿಟ್ಟು ಹೇಳಿದರು. ನಾನೂ ಸುಸ್ತಾಗಿದ್ದೆ, ಹೂಂ ಎನ್ನುವವಳಿದ್ದೆ. ನೀನೇ ಅಡ್ಡ ಬಂದೆ. ಊರವರೆಲ್ಲ ನೆರೆದಿದ್ದರಲ್ಲ, ಅವರ ಮುಂದೆ ಎದೆ ಸೆಟೆಸಿಕೊಂಡು, “ಕೋರ್ಟು ಹಂಚದು ಬ್ಯಾಡ. ಚೀಟಿ ಬರ್ದು ಅಮ್ಮನ ಪಾದದಲ್ಲಿಡಿ, ಅಮ್ಮನೇ ಹಂಚ್ಲಿ. ಸತ್ತೋಳಿಗೆ ಚೌಡಮ್ಮ ಎಂತ ಕೊಡ್ತಾಳೆ, ನೋಡನ” ಎಂದೆ. ಅದಕ್ಕೆ ಒಪ್ಪಿ ಇಬ್ಬರೂ ಬರೆದುಕೊಟ್ಟೆವು. ಪೂಜಾರಿ ಕಣ್ಣು ಮುಚ್ಚಿ ನನ್ನ ಹೆಸರಿಗೆ ಎತ್ತಿದ ಚೀಟಿಯಲ್ಲಿ ಗುಡಿ ಇತ್ತು.

ಕೋರ್ಟಿನ ಮೇಲೆ ನೀನು ಅಪೀಲು ಹೋಗಬಹುದಿತ್ತು. ಚೌಡಮ್ಮನ ಮೇಲೆ ಎಲ್ಲಿಗೆ ಹೋಗುತ್ತೀ?

ನನ್ನ ಜಾಗಕ್ಕೆ ಬೇಲಿ ಹಾಕಿಸಿ ಗೇಟಿಗೆ ಬೀಗ ಹಾಕಿಸಿದ್ದೇನೆ. ಗೇಟಿನ ಹೊರಗೆ ನಿಂತು ಕೈ ಮುಗಿಯಲು ಅಡ್ಡಿಯಿಲ್ಲ. ನಾನು ಬಹಳ ವರ್ಷ ಹಾಗೆಯೇ ಮುಗಿದಿದ್ದೇನೆ.

ಜಾಗದ ಒಡತಿ
ಹೇಮಾವತಿ


ನಿಟ್ಟೂರು
22 ಜನವರಿ 2025

ತಂಗಿ ಹೇಮಾ,

ಕೋಪ ಮಾಡಿಕೊಳ್ಳದೆ ಪೂರ್ತಿ ಓದು.

ನನ್ನ ಮಗಳು ಸುಷ್ಮಾಳಿಗೆ ಮದುವೆ ನಿಶ್ಚಯವಾಗಿದೆ. ತೀರ್ಥಹಳ್ಳಿಯ ಕಡೆಯ ಹುಡುಗ, ಕಿರಣ್ ಎಂದು, ಒಳ್ಳೆಯ ಮನೆತನ. ಮೇ ಕೊನೆಗೆ ಲಗ್ನ. ಆಮಂತ್ರಣದ ಮೊದಲ ಕಾಗದವನ್ನು ಚೌಡಮ್ಮನ ಮುಂದೆ ಇಡದೆ ನಮ್ಮ ಮನೆಯಲ್ಲಿ ಯಾವ ಮದುವೆಯೂ ಆಗಿಲ್ಲ, ನಿನಗೂ ಗೊತ್ತು. ಏಪ್ರಿಲಿನಲ್ಲಿ ವರ್ಷದ ಪೂಜೆ ಬೇರೆ. ಗೇಟಿಗೆ ಬೀಗ ಬಿದ್ದ ದಿನದಿಂದ ಊರಿನಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿಲ್ಲ. ಚೌಡಮ್ಮನೇ ಧರ್ಮಪ್ಪನನ್ನು ಹೊರಗೆ ಹಾಕಿದಳು ಎಂದು ಆಡಿಕೊಳ್ಳುತ್ತಾರೆ. ಸಮಿತಿಯವರು ನನ್ನ ಮುಖ ಕಂಡರೆ ಮಾತು ನಿಲ್ಲಿಸುತ್ತಾರೆ. ಮೊನ್ನೆ ರಿಪ್ಪನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತಿಲ್ಲದವನು, “ಸತ್ ತಂಗಿ ಹತ್ರ ಸೋತೋರು ನೀವೇ ಅಲ್ದ?” ಎಂದು ಕೇಳಿದ.

ಬೀಗ ತೆಗೆಸು. ಏನು ಬೇಕು ಹೇಳು, ಮಾಡುತ್ತೇನೆ. ನಿನ್ನ ಕಾಲು ಹಿಡಿಯುವುದೊಂದು ಬಾಕಿ.

ಅಮ್ಮ ಆಸ್ಪತ್ರೆಯಲ್ಲಿ ನಿನ್ನ ಹೆಸರು ಹೇಳಿದಳು. ಹೌದು, ಹೇಳಿದಳು.

ನಿನ್ನ ಅಣ್ಣ
ಧರ್ಮಪ್ಪ


ಸಾಗರ
11 ಫೆಬ್ರವರಿ 2025

ಅಣ್ಣಾ,

ಅಮ್ಮ ನನ್ನ ಹೆಸರು ಹೇಳಿದಳೆಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಓದಿದಷ್ಟೂ ನಿನ್ನ ಮೇಲೆ ಹೊಟ್ಟೆ ಉರಿಯಿತು. ಅವಳು ಕರೆದಾಗ ಹೇಳಿಕಳಿಸಲಿಲ್ಲ, ಬೀಗ ಬಿದ್ದ ಮೇಲೆ ಹೇಳುತ್ತಿದ್ದೀಯ.

ಏನು ಬೇಕು ಎಂದು ಕೇಳಿದ್ದೀಯ. ಇಗೋ, ಕೇಳು.

ನಾನು ತೀರ್ಥಹಳ್ಳಿಗೆ ಹೋಗಿ ನಾರಾಯಣಮೂರ್ತಿ ಭಟ್ಟರನ್ನು ಕಂಡು ಬಂದೆ. ಬದುಕಿರುವವರಿಗೆ ಸತ್ತ ಕರ್ಮ ಮಾಡಿಬಿಟ್ಟರೆ ಅದನ್ನು ಕಳೆಯುವ ದಾರಿ ಶಾಸ್ತ್ರದಲ್ಲಿ ಇದೆಯೇ ಎಂದು ಕೇಳಿದೆ. ಅವರು, “ಉಂಟು ಮಾರಾಯ್ತಿ. ಆದ್ರೆ ಮಾಡ್ಸಿದೋರನ್ನ ನಾ ಕಂಡಿಲ್ಲೆ” ಎಂದರು. ಅಂಥವರು ಮತ್ತೆ ಹುಟ್ಟಬೇಕಂತೆ. ಕೂಸಿನ ಹಾಗೆ ಮೀಯಿಸಬೇಕು, ತೊಟ್ಟಿಲಿಗೆ ಹಾಕಬೇಕು, ಹೆಸರಿಡಬೇಕು. ಮದುವೆಯಾಗಿದ್ದವರಾದರೆ ಅದೇ ಜೋಡಿಗೆ ಮತ್ತೆ ಮದುವೆ ಮಾಡಿಸಬೇಕು.

ನೀನು ಪದ್ಧತಿಯ ಮನುಷ್ಯ. ನಾನೂ ಈಗ ಪದ್ಧತಿಯ ಮೇಲೇ ನಿಂತಿದ್ದೇನೆ. ಚೌಡಮ್ಮನ ಅಂಗಳದಲ್ಲಿ, ನನ್ನ ತಿಥಿ ಊಟ ಉಂಡವರಲ್ಲಿ ಬದುಕಿರುವ ಅಷ್ಟೂ ಜನರನ್ನು ಕರೆದು, ನನ್ನನ್ನು ತೊಟ್ಟಿಲಿಗೆ ಹಾಕು. ಕಾರ್ಡು ಹೊಡೆಸು. ಹೆಸರಿಡು. ಆಮೇಲೆ ಅಪ್ಪನ ಜಾಗದಲ್ಲಿ ನಿಂತು ಇನಾಸನ ಕಾಲು ತೊಳೆದು ನನ್ನನ್ನು ಧಾರೆಯೆರೆದು ಕೊಡು. ಯಾರನ್ನು ಮದುವೆಯಾದೆ ಎಂದು ನನ್ನನ್ನು ಸುಟ್ಟೆಯೋ ಅವನಿಗೇ ಕೊಡು.

ಇಷ್ಟಾದರೆ ಗೇಟು ತೆರೆಯುತ್ತದೆ. ಇಲ್ಲವಾದರೆ ಸುಷ್ಮಾಳ ಮದುವೆಯ ಕಾಗದವನ್ನು ಬೇಲಿಗೆ ಸಿಕ್ಕಿಸಿ ಬಾ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವಳ ಅಪ್ಪ ನೀನು.

ಹುಟ್ಟಲು ಕಾದಿರುವ
ಹೇಮಾವತಿ


ನಿಟ್ಟೂರು
8 ಮಾರ್ಚ್ 2025

ಹೇಮಾ,

ಆಯಿತು. ಎಲ್ಲದಕ್ಕೂ ಒಪ್ಪಿದ್ದೇನೆ.

ಮೂರು ಸಲ ಸಮಿತಿ ಸೇರಿತು. ಬೈದವರು ಬೈದರು, ನಕ್ಕವರು ನಕ್ಕರು. “ಐವತ್ ದಾಟಿದ್ ಕೂಸಿಗೆ ಎಂತ ತೊಟ್ಲು ಮಾಡ್ಸದು, ಟ್ರ್ಯಾಕ್ಟರ್ ಟ್ರೇಲರ್ರೇ ಬೇಕು” ಎಂದು ಸಮಿತಿಯ ಸತೀಶ್ ಎದುರಿಗೇ ಹೇಳಿದ. ಕೇಳಿಸಿಕೊಂಡೆ. ಏಪ್ರಿಲಿನಲ್ಲಿ ಪೂಜೆಯ ದಿನವೇ ಮಾಡುವುದೆಂದು ಆಗಿದೆ. ಭಟ್ಟರಿಗೆ ಹೇಳಿದ್ದೇನೆ. ಕಾರ್ಡು ಪ್ರೆಸ್ಸಿಗೆ ಕೊಟ್ಟಿದ್ದೇನೆ. ಧಾರೆ ಎರೆಯಲು ನಿನ್ನ ಅತ್ತಿಗೆ ಒಪ್ಪದೆ ಎರಡು ದಿನ ಉಪವಾಸ ಕೂತಳು. ಒಪ್ಪಿಸಿದ್ದೇನೆ.

ನಿನ್ನ ಹಟ ಗೆದ್ದಿತು. ನಿನ್ನ ಮನೆಯವರಿಗೆ ಪಂಚೆ, ಶಲ್ಯ ತರುತ್ತೇನೆ. ಅಳತೆ ಏನಾದರೂ ಬೇಕಿದ್ದರೆ ಬರೆ.

ಧರ್ಮಪ್ಪ


ಸಾಗರ
27 ಮಾರ್ಚ್ 2025

ಅಣ್ಣಾ,

ಪಂಚೆ, ಶಲ್ಯ ತರಬೇಡ. ಇನಾಸ ಬರುವುದಿಲ್ಲ.

ನಿನ್ನ ಕಾಗದ ಬಂದ ದಿನ ನಾನು ಕುಣಿದಾಡಿಬಿಟ್ಟಿದ್ದೆ. ಅಂಗಡಿಗೆ ಹೋಗಿ, ಮೋಟಾರಿಗೆ ತಂತಿ ಸುತ್ತುತ್ತಿದ್ದವನ ಮುಂದೆ ಓದಿ ಹೇಳಿದೆ. ನಮ್ಮಣ್ಣ ನಿನ್ನ ಕಾಲು ತೊಳೆಯುತ್ತಾನೆ ಎಂದೆ. ಅವನು ಕೈಯ ಗ್ರೀಸು ಒರೆಸಿಕೊಂಡು ಕೇಳಿದ. “ನನ್ ಕೇಳ್ದೆ ಒಪ್ಕಂಡ್ಯಾ?”

“ನಿನಗೇ ಮರ್ಯಾದೆ ಬರೋ ಕೆಲಸ ಅಲ್ವಾ” ಎಂದೆ.

“ಹೇಮಾ, ನಿನ್ ದೇವ್ರ ದೀಪಕ್ಕೆ ಎಣ್ಣೆ ತಂದ್ಕೊಡ್ತಾ ಇದೀನಿ, ಇಷ್ಟ್ ವರ್ಷ. ಒಂದ್ ದಿನ ಆದ್ರೂ ಇಗರ್ಜಿಗೆ ಬಾ, ತಲೆ ಬಗ್ಸು ಅಂದಿದ್ದೀನಾ? ನಂಗೆ ನಂಬ್ಕೆ ಇಲ್ದಿರೋ ಅಗ್ನಿ ಮುಂದೆ ನಾ ಯಾಕ್ ಕೂರ್ಲಿ? ನಾವ್ ಮದ್ವೆ ಆಗಿದ್ದು ಸುಳ್ಳು ಅಂತ ನಾನೇ ಒಪ್ಕಂಡಂಗೆ ಆಗಲ್ವಾ? ನಿಮ್ಮಣ್ಣನ್ ಮುಖಕ್ ಹೊಡೀಬೇಕು ಅಂದ್ರೆ ಹೊಡಿ. ನನ್ನನ್ನ ನಿನ್ ಚಪ್ಪಲಿ ಮಾಡ್ಕಬೇಡ.”

ಆ ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಹತ್ತು ದಿನ ಬಿಟ್ಟಿದ್ದೆ. ನೀನು ಕೋರ್ಟಿನಲ್ಲಿ ಸೋತಾಗ ನಾನು ಗೆದ್ದದ್ದು ಯಾವ ಮಾತಿನಿಂದಲೋ, ಅದೇ ಮಾತಿನಿಂದ ಅವನು ನನ್ನ ಬಾಯಿ ಮುಚ್ಚಿಸಿದ್ದ. ಯಾರ ದೇವರನ್ನೂ ಯಾರ ತಲೆಗೂ ಕಟ್ಟುವಂತಿಲ್ಲ ಎಂದು ನನ್ನ ವಕೀಲರು ಹೇಳಿದಾಗ ತಲೆಯಾಡಿಸಿದವಳು ನಾನೇ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು.

ಆದ್ದರಿಂದ ಧಾರೆ ಇಲ್ಲ. ಉಪವಾಸ ಕೂತ ಅತ್ತಿಗೆಗೆ ಹೊಟ್ಟೆ ತುಂಬ ಉಣ್ಣಲು ಹೇಳು. ಆದರೆ ತೊಟ್ಟಿಲು ಬಿಡುವುದಿಲ್ಲ. ಅದು ನನ್ನ ಮತ್ತು ನಿನ್ನ ನಡುವಿನದು. ಪೂಜೆಯ ದಿನ ಬೆಳಗ್ಗೆ ಬಂದು ಬೀಗ ತೆಗೆಯುತ್ತೇನೆ.

ಹೇಮಾವತಿ


ನಿಟ್ಟೂರು
30 ಏಪ್ರಿಲ್ 2025

ಚಿ. ಸೌ. ಎನ್ನಬೇಕೋ, ಕುಮಾರಿ ಎನ್ನಬೇಕೋ ತಿಳಿಯದ ಹೇಮಾವತಿಗೆ,

ನೀನು ಹೇಳಿದಂತೆ ಎಲ್ಲ ನಡೆಸಿಕೊಟ್ಟೆ. ಊರ ಮುಂದೆ ತೊಟ್ಟಿಲು ತೂಗಿದೆ. ಕಿವಿಯಲ್ಲಿ ಹೆಸರು ಹೇಳಿದೆ. ಗೇಟು ತೆರೆಯಿತು, ಪೂಜೆ ಆಯಿತು, ಮದುವೆಯ ಕಾಗದ ಚೌಡಮ್ಮನ ಪಾದ ಮುಟ್ಟಿತು. ನನ್ನ ಕಡೆಯಿಂದ ಬಾಕಿ ಏನೂ ಇಲ್ಲ.

ಈಗ ಸಮಿತಿ ಒಂದು ಮಾತು ಎತ್ತಿದೆ. ನೀನು ಮತ್ತೆ ಹುಟ್ಟಿದ್ದಾಯಿತು, ಆದರೆ ಮತ್ತೆ ಮದುವೆಯಾಗಲಿಲ್ಲ. ಭಟ್ಟರನ್ನು ಕೇಳಿದೆವು. ಶಾಸ್ತ್ರದ ಪ್ರಕಾರ ನೀನೀಗ ನಮ್ಮ ಮನೆಯ ಮದುವೆಯಾಗದ ಹೆಣ್ಣು. ಮದುವೆಯಾಗದ ಹೆಣ್ಣು ಪರಗಂಡಸಿನ ಮನೆಯಲ್ಲಿ ಇರುವುದು ಸರಿಯೇ? ಶಾಸ್ತ್ರ ಕೇಳಿಕೊಂಡು ಬಂದವಳು ನೀನು, ನಾನಲ್ಲ. ಒಂದೋ ಆತ ಬಂದು ಹಸೆಮಣೆಯ ಮೇಲೆ ಕೂರಲಿ. ಇಲ್ಲವೋ ನೀನು ಮನೆಗೆ ಬಾ, ಒಂದು ಕೋಣೆ ಬಿಡಿಸಿಕೊಡುತ್ತೇನೆ, ಗುಡಿಯ ಜಾಗವನ್ನು ಸಮಿತಿಗೆ ಬರೆದುಕೊಟ್ಟು ಆರಾಮವಾಗಿ ಇರು. ಎರಡೂ ಆಗದಿದ್ದರೆ ಕುಲ ನಿನ್ನನ್ನು ಇನ್ನೊಮ್ಮೆ ಹೊರಗಿಡಬೇಕಾಗುತ್ತದೆ. ಹುಲ್ಲಿಗೇನು ಬರಗಾಲವಿಲ್ಲ.

ಸುಷ್ಮಾ ನಿನ್ನನ್ನು ಮದುವೆಗೆ ಕರೆಯಲು ಸಾಗರಕ್ಕೆ ಬರುತ್ತೇನೆಂದು ಹಟ ಮಾಡುತ್ತಿದ್ದಾಳೆ. ನಾನು ತಡೆಯುವುದಿಲ್ಲ. ಅವಳ ಕೈಯಲ್ಲಿ ಉತ್ತರ ಕಳಿಸು.

ಧರ್ಮಪ್ಪ


ಸಾಗರ
19 ಮೇ 2025

ಅಣ್ಣಾ,

ಉತ್ತರವನ್ನು ಸುಷ್ಮಾಳ ಕೈಯಲ್ಲಿ ಕಳಿಸಲಿಲ್ಲ. ಅವಳ ಹೆಸರಿನಲ್ಲೇ ಕೊಟ್ಟಿದ್ದೇನೆ.

ನಿಜ ಹೇಳುತ್ತೇನೆ. ತೊಟ್ಟಿಲಿನಲ್ಲಿ ನನ್ನ ಸೊಂಟದ ಮೇಲಿನ ಭಾಗ ಮಾತ್ರ ಹಿಡಿಸಿತ್ತು, ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನೀನು ಬಗ್ಗಿ ಕಿವಿಯಲ್ಲಿ “ಹೇಮಾವತಿ” ಎಂದಾಗ, ನನ್ನ ಎದೆಯಲ್ಲಿದ್ದದ್ದು ಅರ್ಧ ಅಲ್ಲೇ ಕರಗಿತು. ಬೀಗದ ಕೈಯನ್ನು ಅವತ್ತೇ ನಿನ್ನ ಮಡಿಲಿಗೆ ಹಾಕಿ ಬರೋಣ ಎನ್ನಿಸಿತ್ತು. ಒಂದು ವಾರ ತಡೆದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಬದುಕಿಕೊಂಡೆ.

ಸುಷ್ಮಾ ಬಂದಿದ್ದಳು. ಎರಡು ದಿನ ಇದ್ದಳು. ಇನಾಸನನ್ನು ಮಾವ ಎಂದೇ ಕರೆದಳು, ಅವನು ಮಾಡಿದ ಮೀನಿನ ಸಾರು ಉಂಡಳು. ಹೊರಡುವ ಹಿಂದಿನ ರಾತ್ರಿ ಬ್ಯಾಗಿನಿಂದ ಅಮ್ಮನ ಫೋಟೋ ತೆಗೆದು ಕೊಟ್ಟಳು. ಆಸ್ಪತ್ರೆಗೆ ಸೇರಿಸುವ ಮುಂಚೆ ಅವಳೇ ಮೊಬೈಲಿನಲ್ಲಿ ತೆಗೆದದ್ದಂತೆ. ಅಮ್ಮ ಜಗುಲಿಯಲ್ಲಿ ಕೂತು ಯಾವುದಕ್ಕೋ ನಗುತ್ತಿದ್ದಾಳೆ, ಹಲ್ಲು ಒಂದೂ ಇಲ್ಲ. ನನ್ನ ಹತ್ತಿರ ಅಮ್ಮನ ಒಂದು ಫೋಟೋವೂ ಇರಲಿಲ್ಲ ಎಂಬುದನ್ನು ನಿಮ್ಮ ಮನೆಯಲ್ಲಿ ಯೋಚಿಸಿದವಳು ಅವಳೊಬ್ಬಳೇ. ಇದಕ್ಕೆ ಏನು ಕೊಡಲಿ ಎಂದು ಕೇಳಿದೆ. “ಎಂತದೂ ಬ್ಯಾಡತ್ತೆ, ಮದ್ವೆಗ್ ಬನ್ನಿ, ಮಾವನ್ನೂ ಕರ್ಕಂಡ್ ಬನ್ನಿ” ಎಂದಳು.

ಮಾರನೆಯ ದಿನ ಅವಳನ್ನು ಹೊಸನಗರಕ್ಕೆ ಕರೆದುಕೊಂಡು ಹೋಗಿ, ಚೌಡಮ್ಮನ ಗುಡಿ ಮತ್ತು ಅದರ ಜಾಗವನ್ನು ಅವಳ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಅವಳು ಒಪ್ಪಿ ಸಹಿ ಹಾಕಿದ್ದಾಳೆ. ಯಾರೇ ಆಗಲಿ, ಯಾರನ್ನೇ ಮದುವೆಯಾಗಿರಲಿ, ಗುಡಿಗೆ ಬಂದವರನ್ನು ಹೊರಗೆ ನಿಲ್ಲಿಸಬಾರದು ಎಂದು ಒಂದು ಮಾತು ಬರೆಸಿದೆವು. ಆ ಮಾತು ಬರೆಸಬೇಕೆಂದದ್ದು ಅವಳೇ. ನಿನ್ನ ಮಗಳು ನಿನಗಿಂತ ಗಟ್ಟಿ.

ಇನ್ನೇನು ಹತ್ತು ದಿನಕ್ಕೆ ಅವಳು ತೀರ್ಥಹಳ್ಳಿಯ ಮನೆಗೆ ಹೋಗುತ್ತಾಳೆ. ಮದುವೆಯಾಗಿ ಹೋದ ಹೆಣ್ಣಿಗೆ ತವರಿನ ದೇವರಲ್ಲಿ ಪಾಲಿಲ್ಲ ಎಂಬ ನಿನ್ನ ಪದ್ಧತಿಯನ್ನು ಬೀಗರಿಗೆ ನೀನೇ ಹೇಳು. ದಾವೆ ಹಾಕುವುದಾದರೆ ಹಾಕು. ಈ ಸಲ ಎದುರಿಗೆ ನಿಲ್ಲುವವಳು ನಾನಲ್ಲ, ನಿನ್ನ ಮಗಳು, ಅಳಿಯ, ಬೀಗರು. ಮಗಳ ಸಂಸಾರ ಮುರಿದು ಗುಡಿ ಕಟ್ಟಿಸುವಷ್ಟು ಭಕ್ತಿ ನಿನಗಿದೆಯೇ, ನೋಡೋಣ. ನನ್ನನ್ನು ಹುಲ್ಲಿನಲ್ಲಿ ಮಾಡಿ ಸುಡುವುದಾದರೆ ಸುಟ್ಟುಕೊ. ನನ್ನ ಗಂಡ ನಗುತ್ತಾನೆ, ನಾನೂ ನಗುತ್ತೇನೆ.

ನನಗೆ ಖುಷಿಯಾಗಿದೆ. ಒಳ್ಳೆಯವಳ ಹಾಗೆ ನಟಿಸುವುದಿಲ್ಲ. ನೀನು ಈ ಕಾಗದ ಓದುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ಇವತ್ತು ಅನ್ನ ಸೇರಿತು.

ಪೂಜೆಗೆ, ದೀಪಕ್ಕೆ, ಹರಕೆಗೆ, ಯಾವುದಕ್ಕೂ ಇನ್ನು ನನಗೆ ಬರೆಯಬೇಡ. ಸುಷ್ಮಾಳನ್ನು ಕೇಳು. ಅವಳು ಬೇಡ ಎನ್ನುವ ಹುಡುಗಿಯಲ್ಲ, ಪ್ರತಿ ಸಲವೂ ಹೂಂ ಎನ್ನುತ್ತಾಳೆ. ಆದರೆ ನೀನು ಕೇಳಬೇಕು. ಒಬ್ಬ ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು, ಬದುಕಿರುವಷ್ಟು ದಿನ ಕೇಳುತ್ತಲೇ ಇರಬೇಕು.

ನಿನ್ನ ತಂಗಿ
ಹೇಮಾವತಿ